ತಲೆ ತಗ್ಗಿಸುವ ಕಳವು, ದನಿ ಏರಿಸುವ ಕಳವು

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಆರು ದಿನ. ಶನಿವಾರ, ಬೆಳಿಗ್ಗೆ ಹನ್ನೊಂದೂವರೆ. ಬೆಂಗಳೂರಿನ ಪಶ್ಚಿಮದ ಬಡಾವಣೆಯೊಂದರ ಮೂರಂತಸ್ತಿನ ಮಾರ್ಟು. ನೆಲಮಟ್ಟದಲ್ಲಿ ದಿನಸಿ, ಅದರ ಮೇಲೆ ಬಟ್ಟೆ, ಅದಕ್ಕೂ ಮೇಲೆ ಕುಕ್ಕರ್, ಮಿಕ್ಸಿ, ಸೂಟ್‌ಕೇಸು. ಇಂಥ ಮಾರ್ಟು ಈಗ ತುಮಕೂರಲ್ಲೂ ಇದೆ, ದಾವಣಗೆರೆಯಲ್ಲೂ ಇದೆ, ಹೆಸರು ಯಾವುದಾದರೇನು. ಇವತ್ತು ನೀವು ಇಲ್ಲಿ ಗಿರಾಕಿಯಲ್ಲ, ಕೆಲಸದವರು. ಮೈಮೇಲೆ ಮರೂನ್ ಬಣ್ಣದ ಟೀ ಶರ್ಟು, ಕೊರಳಲ್ಲಿ ಐಡಿ ಕಾರ್ಡು, ಜೇಬು ಹೊಲಿದು ಮುಚ್ಚಿದ ಪ್ಯಾಂಟು. ಮೊಬೈಲು ಹಿಂದಿನ ಕೋಣೆಯ ಲಾಕರಿನಲ್ಲಿ. ಬಟ್ಟೆ ಮಹಡಿಯಲ್ಲಿ ನಿಂತಿದ್ದೀರಿ, ರಾತ್ರಿವರೆಗೂ ನಿಂತೇ ಇರುತ್ತೀರಿ. ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕೊಡಲು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು ಎಂಬುದು ಮಧ್ಯಾಹ್ನದ ಹೊತ್ತಿಗೆ ನಿಮ್ಮ ಹಿಮ್ಮಡಿಗೆ ಅರ್ಥವಾಗುತ್ತದೆ.

ನಿಮ್ಮ ಜೊತೆಗಿರುವುದು ಮಾಗಡಿಯ ಹುಡುಗಿ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಪಿ.ಜಿ. ಬಿಟ್ಟು ಊರಿಂದಲೇ ಓಡಾಡುತ್ತಾಳೆ. ಸೀರೆ ಮಡಿಸುವುದು ಹೇಗೆ, ಸೈಜು ಹುಡುಕುವುದು ಹೇಗೆ ಎಂದು ತೋರಿಸಿಕೊಟ್ಟವಳು ಮೂರನೆಯ ಪಾಠಕ್ಕೆ ದನಿ ತಗ್ಗಿಸುತ್ತಾಳೆ. "ಬಟ್ಟೆ ತಗಳಕ್ ಬಂದೋರು ಬಟ್ಟೆ ನೋಡ್ತಾರೆ. ಎತ್ಕಂಡ್ ಹೋಗಕ್ ಬಂದೋರು ನಮ್ಮನ್ನ ನೋಡ್ತಾರೆ."

ಅಷ್ಟು ಹೇಳಿದ್ದೇ ತಡ, ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಲು ಶುರುವಾಗುತ್ತದೆ. ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡ ಅಜ್ಜ, ಮಗುವಿನ ಗಾಡಿ ತಳ್ಳುತ್ತಿರುವ ದಂಪತಿ, ಜಾಕೆಟ್ ಹಾಕಿದ ಕಾಲೇಜು ಹುಡುಗರು. ಬಣ್ಣ ಮಾಸಿದ ಸೀರೆಯ ಹೆಂಗಸೊಬ್ಬಳು ವೈರಿನ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾಳೆ. ನಿಮ್ಮ ಕಣ್ಣು ಅವಳ ಬೆನ್ನು ಹತ್ತುತ್ತದೆ. ಬಾಗಿಲ ಬಳಿಯ ಸೆಕ್ಯುರಿಟಿಯ ಕಣ್ಣೂ ಅವಳ ಮೇಲೇ. ಮಾಗಡಿಯ ಹುಡುಗಿ ನಗುತ್ತಾಳೆ. "ಅವರನ್ ಯಾಕ್ ನೋಡ್ತೀರ? ನಾವ್ ನೋಡ್ತೀವಿ ಅಂತ ಅವರಿಗೇ ಗೊತ್ತು. ಒಳಗ್ ಬರೋದೇ ಹೆದರ್ಕಂಡು." ಆ ಹೆಂಗಸು ಮುನ್ನೂರು ರೂಪಾಯಿಯೊಳಗಿನ ಒಂದು ನೈಟಿ ಆರಿಸಿ, ದುಡ್ಡು ಎಣಿಸಿಕೊಟ್ಟು, ಬಿಲ್ಲನ್ನು ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲೇ ಹಿಡಿದು ಇಳಿದು ಹೋಗುತ್ತಾಳೆ. ಅನುಮಾನವನ್ನು ಬಾಗಿಲಲ್ಲೇ ಲೆಕ್ಕ ಹಾಕಿಕೊಂಡು ಬಂದವರ ನಡಿಗೆ ಅದು.

ಕಳವಾದದ್ದು ಕಣ್ಣಿಗೆ ಬೀಳುವುದು ಅಪರೂಪ. ಕಾಣುವುದು ಅದರ ಗುರುತು ಮಾತ್ರ. ಮಧ್ಯಾಹ್ನ ಟ್ರಯಲ್ ರೂಮಿನ ಪಾಳಿ ನಿಮ್ಮದು. ಎಷ್ಟು ಬಟ್ಟೆ ಒಳಗೆ ಹೋಯಿತೋ ಅಷ್ಟು ಅಂಕಿಯ ಟೋಕನ್ ಕೊಡಬೇಕು, ಹೊರಗೆ ಬಂದಾಗ ಎಣಿಸಬೇಕು. ಜನ ಕಡಿಮೆ ಇದ್ದಾಗ ಇದು ಸುಲಭ. ಹಬ್ಬದ ಶನಿವಾರ ಒಬ್ಬಳು ಮೂರು ಕುರ್ತಿ ಒಯ್ದು, ಅವಳ ತಂಗಿ ಎರಡು ತಂದು, ಅಮ್ಮ ಹೊರಗಿನಿಂದ "ಆ ಪಿಂಕ್ ಕೊಡು" ಎಂದು ಕೈ ಚಾಚಿದಾಗ ಲೆಕ್ಕ ಜಾರುತ್ತದೆ. ಪರದೆ ಸರಿಸಿ ನೋಡಿದರೆ ಖಾಲಿ ಹ್ಯಾಂಗರು ಎರಡು. ಕನ್ನಡಿಯ ಹಿಂದಿನ ಸಂದಿನಲ್ಲಿ ಹರಿದ ದರದ ಚೀಟಿ. ಮಾರದೆ ಉಳಿದ ಜೀನ್ಸೊಂದರ ಜೇಬಿನಲ್ಲಿ ಬೇರೆ ಯಾವುದೋ ಬಟ್ಟೆಯ ಟ್ಯಾಗು. ಪಕ್ಕದ ಚಪ್ಪಲಿ ರ‍್ಯಾಕಿನಲ್ಲಿ ಹೊಸ ಜೋಡಿಗಳ ನಡುವೆ ಹಿಮ್ಮಡಿ ಸವೆದ ಹಳೆಯದೊಂದು ಜೋಡಿ ಶಿಸ್ತಾಗಿ ಕೂತಿದೆ. ಅದನ್ನು ಬಿಟ್ಟವರು ಹೊಸದರಲ್ಲೇ ನಡೆದು ಹೋಗಿದ್ದಾರೆ. ದಿನಸಿ ಮಹಡಿಯಲ್ಲಿ ತೊಗರಿಬೇಳೆ ಮೂಟೆಯ ಹಿಂದೆ ಚಾಕೊಲೇಟಿನ ಕಾಗದ, ಹೀರಿ ಮುಗಿಸಿದ ಜ್ಯೂಸಿನ ಡಬ್ಬ. ಒಣದ್ರಾಕ್ಷಿಯ ತೆರೆದ ಡಬ್ಬಿಯಿಂದ 'ರುಚಿ ನೋಡುವ' ಕೈಗಳನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇದಕ್ಕೆಲ್ಲ ಬೀಜ ಬಿದ್ದದ್ದು ಅಂಗಡಿಯ ನಕ್ಷೆ ಬದಲಾದಾಗ. ಹಳೆಯ ಶೆಟ್ಟರ ಅಂಗಡಿಯಲ್ಲಿ ಸಾಮಾನು ಗಲ್ಲಾಪೆಟ್ಟಿಗೆಯ ಆಚೆಗಿತ್ತು, ಗಿರಾಕಿ ಈಚೆಗೆ. ಚೀಟಿ ಕೊಟ್ಟರೆ ಹುಡುಗ ಕಟ್ಟಿ ಕೊಡುತ್ತಿದ್ದ. 1916ರಲ್ಲಿ ಅಮೆರಿಕದ ಮೆಂಫಿಸ್ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕ 'ಪಿಗ್ಲಿ ವಿಗ್ಲಿ' ಅಂಗಡಿ ತೆರೆದು ಗಿರಾಕಿಯ ಕೈಗೇ ಬುಟ್ಟಿ ಕೊಟ್ಟ. ನೌಕರರು ಕಡಿಮೆ ಸಾಕು, ಜನ ಬೇಕಾದ್ದಕ್ಕಿಂತ ಹೆಚ್ಚು ಕೊಳ್ಳುತ್ತಾರೆ ಎಂಬ ಅವನ ಲೆಕ್ಕಾಚಾರವೇ ಇಂದಿನ ಎಲ್ಲ ಸೂಪರ್ ಮಾರ್ಕೆಟ್ಟುಗಳ ತಳಹದಿ. ಮುಟ್ಟಿ ನೋಡಿದ್ದನ್ನು ಜನ ಕೊಳ್ಳುತ್ತಾರೆ. ಮುಟ್ಟಲು ಬಿಟ್ಟರೆ ಒಂದಿಷ್ಟು ಕೈತಪ್ಪುತ್ತದೆ. ಆ ನಷ್ಟವನ್ನು ಸಹಿಸಿಯೂ ಲಾಭ ಉಳಿಯುತ್ತದೆ ಎಂದು ಗೊತ್ತಿದ್ದೇ ಮಾಲೀಕರು ಗಲ್ಲಾದ ಗೋಡೆ ಒಡೆದರು. ಗೋಡೆ ಇದ್ದ ಜಾಗದಲ್ಲಿ ಈಗ ನಿಂತಿರುವುದು ನೀವು ಮತ್ತು ಮಾಗಡಿಯ ಹುಡುಗಿ.

ಮೂರು ಗಂಟೆ. ಬಿಲ್ಲಿಂಗಿನಲ್ಲಿ ಒಬ್ಬಳು ಊಟಕ್ಕೆ ಹೋಗಿದ್ದಾಳೆ, ನಿಮ್ಮನ್ನು ಕೆಳಗೆ ಕರೆಯುತ್ತಾರೆ. ಕ್ಯಾಷಿಯರ್ ಪಕ್ಕ ನಿಂತು ಚೀಲಕ್ಕೆ ತುಂಬುವ ಕೆಲಸ. ಸ್ಕ್ಯಾನರು ಪಿಕ್ ಪಿಕ್ ಎನ್ನುತ್ತಲೇ ಇರುತ್ತದೆ. ಬಾರ್‌ಕೋಡಿನ ಹದಿಮೂರು ಅಂಕಿಗಳಲ್ಲಿ ಭಾರತದಲ್ಲಿ ನೋಂದಾಯಿಸಿದ್ದಕ್ಕೆ ಮೊದಲ ಮೂರು 890. ಕೊನೆಯದು ಉಳಿದ ಹನ್ನೆರಡು ಸರಿಯಿವೆಯೇ ಎಂದು ತಾಳೆ ನೋಡುವ ಅಂಕಿ. ಓದುವಾಗ ಒಂದು ಅಂಕಿ ತಪ್ಪಿದರೂ ಯಂತ್ರ ಒಪ್ಪುವುದಿಲ್ಲ. ಆದರೆ ಒಂದರ ಚೀಟಿ ಇನ್ನೊಂದರ ಮೇಲೆ ಕೂತರೆ ಯಂತ್ರಕ್ಕೆ ಏನೂ ಗೊತ್ತಾಗದು. ಅಂಕಿ ಸರಿಯಿದೆ, ಸುಳ್ಳು ಇರುವುದು ಅಂಟಿನಲ್ಲಿ.

ಕ್ಯಾಷಿಯರ್ ಹುಡುಗಿ ಒಂದು ಪೊಟ್ಟಣ ಎತ್ತಿ ಹಿಡಿದು ಪರದೆ ನೋಡುತ್ತಾಳೆ. ಪರದೆಯ ಮೇಲೆ 'ಕಡಲೆಬೇಳೆ'. ಕೈಯಲ್ಲಿ ಗೋಡಂಬಿ. ತೂಕದ ಯಂತ್ರದಿಂದ ಬಂದ ಚೀಟಿ ಓರೆಯಾಗಿ ಅಂಟಿದೆ, ಕೆಳಗೆ ಇನ್ನೊಂದು ಚೀಟಿ ಕಿತ್ತ ಗುರುತು. ಎದುರಿಗಿರುವವರು ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತಿರುವ, ನಿಮ್ಮ ಸೋದರಮಾವನ ವಯಸ್ಸಿನವರು. "ಸರ್, ಇದು ಬೇರೆ ಸ್ಟಿಕ್ಕರ್ ಬಿದ್ದಿದೆ, ಚೇಂಜ್ ಮಾಡ್ಸ್‌ತೀನಿ" ಎನ್ನುತ್ತಾಳೆ. ಗಮನಿಸಿ: 'ಬಿದ್ದಿದೆ' ಅಂದಳು, 'ಅಂಟಿಸಿದ್ದೀರಿ' ಅನ್ನಲಿಲ್ಲ. ಅವರು ಹುಬ್ಬು ಗಂಟಿಕ್ಕಿ, "ನಿಮ್ ಹುಡುಗ್ರು ಸರಿಯಾಗ್ ಹಾಕಲ್ವೇನ್ರಿ? ಬೇಡ ತೆಗೀರಿ" ಎಂದು ಉಳಿದದ್ದಕ್ಕೆ ದುಡ್ಡು ಕೊಟ್ಟು ಹೋಗುತ್ತಾರೆ. ತೂಕದ ಯಂತ್ರದ ಹುಡುಗನ ತಪ್ಪೂ ಇದ್ದಿರಬಹುದು. ಅದಕ್ಕೇ ಯಾರೂ ಏನೂ ಅನ್ನುವಂತಿಲ್ಲ. ಸಂಜೆ ಆ ಹುಡುಗ ಬೈಸಿಕೊಳ್ಳುತ್ತಾನೆ.

ಇದ್ದಕ್ಕಿದ್ದಂತೆ ಬಾಗಿಲಲ್ಲಿ ಕೂಗು. ಎರಡು ಬಿಳಿ ಕಂಬಗಳ ನಡುವೆ ಒಬ್ಬ ಯುವತಿ ಬೆಚ್ಚಿ ನಿಂತಿದ್ದಾಳೆ. ಅಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಆ ಕಂಬಗಳು ಸೆಕೆಂಡಿಗೆ ಹಲವು ಬಾರಿ 58 ಕಿಲೋಹರ್ಟ್ಸ್ ಕಂಪನದ ಸಂಕೇತ ಬಿಟ್ಟು, ಮಧ್ಯೆ ಮಧ್ಯೆ ಸುಮ್ಮನಾಗಿ ಆಲಿಸುತ್ತವೆ. ಟ್ಯಾಗಿನೊಳಗಿನ ತೆಳು ಲೋಹದ ಪಟ್ಟಿ ಸಂಕೇತ ನಿಂತ ಮೇಲೂ ಕ್ಷಣಕಾಲ ಕಂಪಿಸುತ್ತಿರುತ್ತದೆ. ಅದು ಕೇಳಿಸಿದರೆ ಗಂಟೆ ಬಾರಿಸುತ್ತದೆ. ಯಂತ್ರಕ್ಕೆ ಟ್ಯಾಗು ಗೊತ್ತು, ಕಳ್ಳತನ ಗೊತ್ತಿಲ್ಲ. ಸೆಕ್ಯುರಿಟಿಯವನು ಅಸ್ಸಾಮಿನ ಹುಡುಗ. ಅವನಿಗೆ ಬರುವ ಕನ್ನಡ 'ಬಿಲ್ ತೋರ್ಸಿ', 'ಬ್ಯಾಗ್ ಇಡಿ', 'ಥ್ಯಾಂಕ್ಯೂ'. ಅವನು ಚೀಲ ತೆಗೆಸಿ ನೋಡಿದರೆ ಬಿಲ್ಲಾದ ಚೂಡಿದಾರಿನಲ್ಲೇ ಟ್ಯಾಗು ಉಳಿದಿದೆ. ಆಯಸ್ಕಾಂತದ ಮೇಲಿಟ್ಟು ಅದನ್ನು ಬಿಚ್ಚಲು ಮರೆತದ್ದು ಕ್ಯಾಷಿಯರ್. ಆ ಗೇಟು ಕೂಗುವುದು ಬಹುಪಾಲು ಹೀಗೇ. ನಿಜವಾಗಿ ಕದ್ದದ್ದು ಸದ್ದಿಲ್ಲದೆ ದಾಟಿ ಹೋಗುತ್ತದೆ, ಕಾಸು ಕೊಟ್ಟವಳು ಎಲ್ಲರೆದುರು ನಾಚಿ ನೀರಾಗುತ್ತಾಳೆ. ಆಕೆ ಸಿಟ್ಟಿನಿಂದ ಕ್ಯಾಷಿಯರಿನ ಕಡೆ ತಿರುಗಿ, "ಮಾನ ಮರ್ಯಾದೆ ಇಲ್ವಾ ನಿಮ್ಗೆ" ಎನ್ನುತ್ತಾಳೆ. ಆ ಸಿಟ್ಟು ನ್ಯಾಯವಾದದ್ದೇ. ಅದು ತಾಗುವುದು ಮಾತ್ರ ಹೊಟ್ಟೆಗೆ ಇನ್ನೂ ಊಟವಿಲ್ಲದ ಹುಡುಗಿಗೆ.

ಬಿಲ್ಲಿನ ಮೇಲೆ ಸೆಕ್ಯುರಿಟಿ ಸೀಲು ಒತ್ತುವುದು ಏಕೆ ಎಂಬುದೂ ಇಲ್ಲಿ ನಿಂತರೆ ತಿಳಿಯುತ್ತದೆ. ಸೀಲಿಲ್ಲದ ಬಿಲ್ಲು ಮತ್ತೊಮ್ಮೆ ಬಳಕೆಗೆ ಬರುತ್ತದೆ. ಮೊದಲ ಸಲ ಸಾಮಾನು ಕಾರಿಗೆ, ಎರಡನೆಯ ಸಲ ಅದೇ ಬಿಲ್ಲು ಹಿಡಿದು ಅದೇ ಸಾಮಾನು ಮತ್ತೆ ಕಾರಿಗೆ. ಗಿರಾಕಿಗೆ ಅವಮಾನವೆನಿಸುವ ಆ ಸೀಲು ಆ ಎರಡನೆಯ ಫೇರಿಯನ್ನು ತಡೆಯಲು.

ನಾಲ್ಕೂವರೆ. ಕಾಫಿಯ ಹೊತ್ತು. ಮೇಲಿನ ಮೂಲೆಯಲ್ಲಿ 'ಎಕ್ಸ್‌ಚೇಂಜ್ – ರಿಟರ್ನ್' ಎಂದು ಬರೆದ ಕೌಂಟರು. ಅಲ್ಲಿ ಕೂತಿರುವ ಹಾಸನದ ಅಕ್ಕನನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ. ಈ ಕಟ್ಟಡದಲ್ಲಿ ಕುರ್ಚಿ ಇರುವ ಕೆಲವೇ ಜನರಲ್ಲಿ ಅವರೂ ಒಬ್ಬರು. ಆ ಕುರ್ಚಿ ಯಾರಿಗೂ ಬೇಡ. ನೀವು ಪಕ್ಕದಲ್ಲಿ ನಿಂತು ನೋಡಿ.

ಮೊದಲು ಬಂದವರೆಲ್ಲ ನೇರ ಜನ. ಸೈಜು ಸಾಲದ ಶರ್ಟು, ಮುಚ್ಚಳ ಕೂರದ ಟಿಫಿನ್ ಡಬ್ಬಿ, ಒಂದು ತೊಳೆತಕ್ಕೇ ಬಣ್ಣ ಬಿಟ್ಟ ಲೆಗ್ಗಿಂಗ್ಸು. ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟು ತಂದಿರುತ್ತಾರೆ. ಇವರಿಗೆ ಕಾನೂನಿನ ಬಲವಿದೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ ಹಿಂದಕ್ಕೆ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂಬುದು ದೋಷವಲ್ಲ. ಅದಕ್ಕೆ ವಾಪಸು ಕೊಡುವುದು ಅಂಗಡಿ ತಾನಾಗಿ ಕೊಟ್ಟ ಸವಲತ್ತು. ಮುಂದಿನ ಆಟವೆಲ್ಲ ನಡೆಯುವುದು ಈ ಸವಲತ್ತಿನ ಒಳಗೆ.

ಒಬ್ಬಾಕೆ ರೇಷ್ಮೆ ಸೀರೆ ತಂದಿದ್ದಾರೆ. ಅಕ್ಕ ಬಿಲ್ಲು ನೋಡುವ ಮೊದಲು ಸೀರೆ ಬಿಚ್ಚುತ್ತಾರೆ. ಅಂಗಡಿಯ ಮಡಿಕೆ ಬೇರೆ, ಮನೆಯ ಮಡಿಕೆ ಬೇರೆ. ಅಕ್ಕನ ಬೆರಳಿಗೆ ಅದು ಗೊತ್ತು. ಸೆರಗನ್ನು ಮುಖದ ಹತ್ತಿರ ತಂದಾಗ ಮಲ್ಲಿಗೆ ಮತ್ತು ಸೆಂಟಿನ ವಾಸನೆ. ಭುಜದ ಮೇಲೆ ಬರುವ ಜಾಗದಲ್ಲಿ ಪಿನ್ನು ಚುಚ್ಚಿದ ಎರಡು ಸಣ್ಣ ತೂತು. ನೆರಿಗೆಯ ಗೆರೆ ಇನ್ನೂ ಆರಿಲ್ಲ. "ಉಟ್ಟಿದೀರ ಮೇಡಂ." "ಇಲ್ಲಪ್ಪ, ಸುಮ್ನೆ ಮೈಮೇಲ್ ಹಾಕ್ಕೊಂಡ್ ನೋಡ್ದೆ." ಅಕ್ಕ ತೂತಿನ ಮೇಲೆ ಬೆರಳಿಡುತ್ತಾರೆ, ಏನೂ ಹೇಳುವುದಿಲ್ಲ. ಆಕೆ ಸೀರೆ ಮಡಿಚಿಕೊಂಡು ಹೋಗುತ್ತಾರೆ. ಇದು ಸುಲಭದ್ದು.

ಮುಂದಿನದು ಶೇರ್ವಾನಿ. ಬೆಲೆ 8,999. ತಂದವರ ಇಂಗ್ಲಿಷು ಕನ್ನಡಕ್ಕಿಂತ ಜೋರು. ಬಿಲ್ಲಿದೆ, ಟ್ಯಾಗೂ ಇದೆ. ಆದರೆ ಟ್ಯಾಗಿನ ದಾರ ಅಂಗಡಿಯದಲ್ಲ. ಅಕ್ಕ ಜೇಬಿಗೆ ಕೈ ಹಾಕಿ ಒಳಪದರ ಹೊರಗೆಳೆದಾಗ ಗಾಜಿನ ಮೇಲೆ ಎರಡು ಕಾಳು ಉದುರುತ್ತವೆ. ಅರಿಶಿನ ಹಚ್ಚಿದ ಅಕ್ಕಿ. ಅಕ್ಷತೆ. ನಿಮಗೆ ನಗು ಬರುತ್ತದೆ, ಅಕ್ಕ ನಗುವುದಿಲ್ಲ. "ಸರ್, ಮದುವೆಗೆ ಹಾಕಿದೀರ." ಅಷ್ಟೇ ಸಾಕಿತ್ತು. "ಏನ್ ಮಾತಾಡ್ತಿದೀರ? ನನ್ನ ಕಳ್ಳ ಅಂತೀರಾ? ಕರೀರಿ ಮ್ಯಾನೇಜರ್‌ನ. ಗೂಗಲ್‌ನಲ್ಲಿ ಒಂದು ಸ್ಟಾರ್ ಹಾಕ್ತೀನಿ, ಕನ್ಸ್ಯೂಮರ್ ಕೋರ್ಟಿಗ್ ಎಳೀತೀನಿ." ಜನ ಸೇರುತ್ತಾರೆ. ಒಬ್ಬ ಮೊಬೈಲು ಎತ್ತಿ ವಿಡಿಯೊ ಶುರು ಮಾಡುತ್ತಾನೆ. ಮ್ಯಾನೇಜರು ಓಡಿ ಬರುತ್ತಾರೆ. ಅಕ್ಷತೆ ಅವರ ಕಣ್ಣಿಗೂ ಬೀಳುತ್ತದೆ. ಆದರೆ ತಿಂಗಳ ಕೊನೆಗೆ ಮೇಲಿನವರು ಅವರನ್ನು ಅಳೆಯುವುದು ಗಿರಾಕಿಗಳ ದೂರಿನಿಂದ. "ಸಾರಿ ಸರ್. ಅಕ್ಕ, ಕ್ರೆಡಿಟ್ ನೋಟ್ ಮಾಡ್ಕೊಡಿ." ಅಕ್ಕ ಮಾಡಿಕೊಡುತ್ತಾರೆ. ಶೇರ್ವಾನಿಯ ಕತ್ತುಪಟ್ಟಿಯ ಮೇಲೆ ಮುಖಕ್ಕೆ ಹಚ್ಚಿದ ಬಣ್ಣದ ಕಲೆ ಇದೆ. ಅದನ್ನು ಇನ್ನು ಪೂರ್ತಿ ದರಕ್ಕೆ ಮಾರುವಂತಿಲ್ಲ. ಆತ ಹೋದ ಮೇಲೆ ಅಕ್ಕ ಒರೆಸುವ ಬಟ್ಟೆ ತೆಗೆದುಕೊಂಡು ಗಾಜು ಒರೆಸುತ್ತಾರೆ.

ಆಮೇಲೆ ಮಿಕ್ಸಿಯ ಡಬ್ಬ ಬರುತ್ತದೆ. ಹೊಸ ಡಬ್ಬ, ಹೊಸ ಬಿಲ್ಲು, ಒಳಗಿನ ಮಿಕ್ಸಿಯ ಜಾರಿಗೆ ಮೂಗಿಟ್ಟರೆ ವರ್ಷಗಟ್ಟಲೆ ರುಬ್ಬಿದ ಬೆಳ್ಳುಳ್ಳಿ. ಡಬ್ಬದ ಸೀರಿಯಲ್ ನಂಬರಿಗೂ ಯಂತ್ರದ ತಳದ ನಂಬರಿಗೂ ಹೊಂದುವುದಿಲ್ಲ. ಇನ್ನೊಂದು ಬಗೆ ಇದಕ್ಕಿಂತ ನುಣುಪು. ಗೇಟಿನ ಕಸದ ಬುಟ್ಟಿಯಲ್ಲಿ ಯಾರೋ ಎಸೆದ ಬಿಲ್ಲು, ಅದರಲ್ಲಿರುವ ಸಾಮಾನನ್ನೇ ಶೆಲ್ಫಿನಿಂದ ಎತ್ತಿಕೊಂಡು ನೇರ ಈ ಕೌಂಟರಿಗೆ ಬಂದು ದುಡ್ಡು ಕೇಳುವುದು. ಅಲ್ಲಿ ಸಾಮಾನು ಅಂಗಡಿಯನ್ನು ಬಿಟ್ಟೇ ಹೋಗಿರುವುದಿಲ್ಲ, ಅದರ ದುಡ್ಡು ಮಾತ್ರ ಹೋಗುತ್ತದೆ. ನಗದು ಕೊಡದೆ ಕ್ರೆಡಿಟ್ ನೋಟು ಕೊಡುವುದು, ಯುಪಿಐನಲ್ಲಿ ಬಂದದ್ದನ್ನು ಅದೇ ಖಾತೆಗೆ ಕಳಿಸುವುದು, ಬಿಲ್ಲಿನಲ್ಲಿರುವ ಮೊಬೈಲಿಗೆ ಓಟಿಪಿ ಹೋಗುವುದು, ಎಲ್ಲವೂ ಇಂಥ ಒಂದೊಂದು ಜಾಣತನಕ್ಕೆ ಹಾಕಿದ ಒಂದೊಂದು ಬೀಗ.

ಓಟಿಪಿ ಕೇಳಿದಾಗ ಗಿರಾಕಿ ರೇಗುತ್ತಾನೆ. ಓಟಿಪಿ ಕೇಳುವುದಕ್ಕೆ ಒಂದು ಕಾರಣ ಗಿರಾಕಿಯಲ್ಲ, ಒಳಗಿನವರು ಎಂಬುದನ್ನು ಅಕ್ಕನೇ ಹೇಳುತ್ತಾರೆ. ಗಿರಾಕಿ ಬಿಟ್ಟು ಹೋದ ಬಿಲ್ಲನ್ನು ಕ್ಯಾಷಿಯರೇ ವಾಪಸು ಎಂದು ನಮೂದಿಸಿ ದುಡ್ಡು ಜೇಬಿಗಿಳಿಸುವುದುಂಟು. ಪರಿಚಯದವರು ಬಂದಾಗ ನಾಲ್ಕು ಸಾಮಾನಿಗೆ ಮೂರು ಸಲ ಪಿಕ್ ಅನ್ನಿಸುವುದುಂಟು. "ನಮ್ಮಲ್ಲೂ ಇದಾರೆ ಕಣ್ರಿ. ಇಲ್ಲ ಅಂದ್ರೆ ಸುಳ್ಳಾಗತ್ತೆ. ಒಬ್ಬ ಮಾಡಿದ್ದಕ್ಕೆ ಎಲ್ಲರ ಜೇಬೂ ಹೊಲಿದ್ರು."

ಇದೇ ಕೌಂಟರು ಈಗ ಫೋನಿನೊಳಕ್ಕೂ ಹೋಗಿದೆ. ಅಲ್ಲಿ ಮೂಗಿಗೂ ಬೆರಳಿಗೂ ಕೆಲಸವಿಲ್ಲ. 2024ರಲ್ಲಿ ಮಿಂತ್ರಾ ಕಂಪನಿ ಬೆಂಗಳೂರಿನಲ್ಲಿ ಪೊಲೀಸರಿಗೆ ದೂರು ಕೊಟ್ಟಿತು: ದುಬಾರಿ ಸರಕು ತರಿಸಿಕೊಂಡು, ಬಂದದ್ದು ಕಡಿಮೆ, ಬಂದದ್ದು ಬೇರೆ ಎಂದು ಆ್ಯಪಿನಲ್ಲಿ ದೂರಿ ರಿಫಂಡ್ ಪಡೆದವರಿಂದ ಈ ನಗರದ ಆರ್ಡರುಗಳಲ್ಲೇ 1.1 ಕೋಟಿ ರೂಪಾಯಿ ನಷ್ಟ ಎಂದು. ಅಂಥ ದೂರು ಬಂದಾಗ ಮೊದಲ ಪ್ರಶ್ನೆ ಹೋಗುವುದು ಪಾರ್ಸಲ್ ಹೊತ್ತು ತಂದ ಹುಡುಗನಿಗೆ.

ಏಳು ಗಂಟೆ. ಮಾರ್ಟು ಕಿಕ್ಕಿರಿದಿದೆ. ಮಾಗಡಿಯ ಹುಡುಗಿ ಈಗ ನಿಂತಿರುವ ಹಬ್ಬದ ಸಾಮಾನಿನ ಮೇಜಿನ ಸುತ್ತ ಹೆಂಗಸರು: ಕಲಶಕ್ಕೆ ಕಟ್ಟುವ ಲಕ್ಷ್ಮಿಯ ಮುಖ, ಬಳೆ, ಜರಿ ಅಂಚಿನ ಪುಟ್ಟ ಸೀರೆ. ಗೇಟು ಮತ್ತೆ ಕೂಗುತ್ತದೆ. ಈ ಸಲ ಸೆಕ್ಯುರಿಟಿಯವನ ಕೈ ಚೀಲದಿಂದ ತೆಗೆಯುವುದು ಜರ್ಮನ್ ಸಿಲ್ವರಿನ ಲಕ್ಷ್ಮಿ ಮುಖ, ಬೆಲೆ 649. ಅದರ ಕೆಳಗೆ ಅರ್ಧ ಲೀಟರ್ ತುಪ್ಪ. ಎರಡಕ್ಕೂ ಬಿಲ್ಲಿಲ್ಲ. ನಲವತ್ತು ದಾಟಿದ ಹೆಂಗಸು. ತಲೆ ತಗ್ಗಿಸಿ ನಿಂತಿದ್ದಾಳೆ. ಬಾಯಲ್ಲಿ ಮಾತಿಲ್ಲ, ಒಂದು ಸ್ಟಾರಿನ ಬೆದರಿಕೆ ಇಲ್ಲ, ಮ್ಯಾನೇಜರನ್ನು ಕರೆಯಿರಿ ಎಂಬ ಆಜ್ಞೆ ಇಲ್ಲ.

ಹಿಂದಿನ ಕೋಣೆಗೆ ಕರೆದೊಯ್ಯುತ್ತಾರೆ. ಹೆಣ್ಣು ಎಂಬ ಕಾರಣಕ್ಕೆ ಮಾಗಡಿಯ ಹುಡುಗಿಯನ್ನೂ, ಅವಳ ಜೊತೆ ನಿಮ್ಮನ್ನೂ ಒಳಗೆ ನಿಲ್ಲಿಸುತ್ತಾರೆ. ಗೋಡೆಯ ಮೇಲೆ ಕ್ಯಾಮೆರಾಗಳ ಚೌಕಗಳು. ಮೇಜಿನ ಮೇಲೆ ದೇವಿಯ ಮುಖ ಮಲಗಿದೆ. ಮ್ಯಾನೇಜರಿನ ದನಿ ಈಗ ಬೇರೆ. ಮಧ್ಯಾಹ್ನದ ಸಾರಿ ಎಲ್ಲಿ ಹೋಯಿತೋ. "ಫೋಟೊ ತೆಗೀರಿ. ಗ್ರೂಪಿಗ್ ಹಾಕಿ. ಹತ್ತರಷ್ಟು ಕಟ್ತೀಯಾ, ಪೊಲೀಸಿಗ್ ಕೊಡ್ಲಾ?" ಅವಳು ಸೆರಗಿನ ತುದಿಯ ಗಂಟು ಬಿಚ್ಚುತ್ತಾಳೆ. ಅದರಲ್ಲಿರುವುದು ಬಸ್ಸಿನ ಚಿಲ್ಲರೆಯಷ್ಟೇ.

ಈ ಕೋಣೆಯಲ್ಲಿ ಕಾನೂನು ಏನು ಹೇಳುತ್ತದೆ ಎಂಬುದು ಅಲ್ಲಿದ್ದ ಯಾರಿಗೂ ಸರಿಯಾಗಿ ಗೊತ್ತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಕಳ್ಳತನಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ: ಕದ್ದದ್ದರ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಅಪರಾಧ ಸಾಬೀತಾಗಿ, ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಜಾಮೀನಿಲ್ಲದ, ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧ ಕಣ್ಣೆದುರೇ ನಡೆದಾಗ ಖಾಸಗಿ ವ್ಯಕ್ತಿಯೂ ಹಿಡಿಯಬಹುದು. ಹಿಡಿದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೆಣ್ಣನ್ನು ತಪಾಸಣೆ ಮಾಡಬೇಕಾದರೆ ಪೊಲೀಸರಲ್ಲೂ ಹೆಣ್ಣೇ ಮಾಡಬೇಕು. ಹತ್ತರಷ್ಟು ದಂಡ ವಿಧಿಸುವ, ಹೊಡೆಯುವ, ಫೋಟೊ ಹಂಚುವ ಅಧಿಕಾರ ಯಾವ ಅಂಗಡಿಗೂ ಇಲ್ಲ. ಅದನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಈ ಊರು 2025ರ ಸೆಪ್ಟೆಂಬರಿನಲ್ಲಿ ನೋಡಿದೆ. ಅವೆನ್ಯೂ ರಸ್ತೆಯಲ್ಲಿ ಸೀರೆ ಕದ್ದ ಆರೋಪದ ಮಹಿಳೆಯನ್ನು ಅಂಗಡಿಯವರು ಬೀದಿಯಲ್ಲಿ ಕೆಡವಿ ಒದ್ದರು. ವಿಡಿಯೊ ಊರೆಲ್ಲ ಹರಡಿತು. ಪೊಲೀಸರು ಒದ್ದವರನ್ನೂ ಬಂಧಿಸಿದರು.

ಇಲ್ಲಿ ಹೊಡೆತ ಬೀಳುವುದಿಲ್ಲ. ಅರ್ಧ ಗಂಟೆಯ ಮೇಲೆ ಮ್ಯಾನೇಜರಿಗೆ ಬೇರೆ ಫೋನು ಬರುತ್ತದೆ. ಕ್ಷಮೆ ಕೇಳಿ ಬರೆದ ಹಾಳೆಯೊಂದರ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, "ಇನ್ನೊಂದ್ಸಲ ಈ ಕಡೆ ಕಾಣಿಸ್ಕೊಂಡ್ರೆ ನೋಡು" ಎಂದು ಕಳಿಸುತ್ತಾರೆ. ಮಾಗಡಿಯ ಹುಡುಗಿ ಅವಳನ್ನು ಹಿಂಬಾಗಿಲಿನಿಂದ ದಾಟಿಸಿ ಬರುತ್ತಾಳೆ. "ಪಾಪ ಅನ್ಸತ್ತೆ. ಆದ್ರೆ ಆ ಮುಖ ಸಿಗ್ದೇ ಹೋಗಿದ್ರೆ ನನ್ ಮೇಜಿನ್ ಲೆಕ್ಕದಲ್ ಶಾರ್ಟ್ ಬರ್ತಿತ್ತು." ಕರುಣೆ ಮತ್ತು ಭಯ ಎರಡೂ ಅವಳವೇ. ಹಿಡಿದುಕೊಟ್ಟರೆ ಪಾಪ, ಬಿಟ್ಟುಬಿಟ್ಟರೆ ಸಂಬಳಕ್ಕೆ ಕತ್ತರಿ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾಲ್ಕೂವರೆಗೆ ಅಂಗಡಿ ಕಳೆದುಕೊಂಡದ್ದು 8,999ರ ಶೇರ್ವಾನಿಯ ಮಾನ. ಏಳು ಗಂಟೆಗೆ ಕಳೆದುಕೊಳ್ಳಬಹುದಾಗಿದ್ದದ್ದು ಸಾವಿರದ ಆಸುಪಾಸು, ಅದೂ ಸಿಕ್ಕಿತು. ಮೊದಲಿನವರಿಗೆ ಕ್ಷಮೆ ಕೇಳಿದರು, ಎರಡನೆಯವಳಿಂದ ಕ್ಷಮೆ ಬರೆಸಿಕೊಂಡರು. ಅಂಗಡಿಯ ಕೆಲಸದವರು ದಿನವೂ ನೋಡುವ ಸತ್ಯ ಇದು: ಕಳವಿನ ಗಾತ್ರ ಯಾರಿಗೂ ಮುಖ್ಯವಲ್ಲ, ಕದ್ದವರ ದನಿಯ ಗಾತ್ರವೇ ಮುಖ್ಯ.

ಹತ್ತು ಗಂಟೆ. ಷಟರು ಅರ್ಧ ಇಳಿದಿದೆ. ಹೊರಡುವ ಮೊದಲು ಸಾಲು. ಊಟದ ಡಬ್ಬಿಯ ಮುಚ್ಚಳ ತೆಗೆದು ತೋರಿಸಬೇಕು. ಬೆಳಿಗ್ಗೆ ಎಷ್ಟು ದುಡ್ಡು ತಂದಿದ್ದಿರಿ ಎಂದು ಪುಸ್ತಕದಲ್ಲಿ ಬರೆದಿದ್ದಿರೋ ಅಷ್ಟೇ ಇದೆಯೇ ಎಂದು ತಾಳೆ ನೋಡುತ್ತಾರೆ. ದಿನವಿಡೀ ಬೇರೆಯವರನ್ನು ಕಾಯ್ದವರು ಈಗ ಕೈ ಅಗಲಿಸಿ ನಿಲ್ಲುತ್ತಾರೆ. ಯಾರೂ ಬೇಸರ ತೋರಿಸುವುದಿಲ್ಲ. ಕೊನೆಯ ಬಸ್ಸಿನ ಚಿಂತೆ.

ವರ್ಷದ ದಾಸ್ತಾನು ಎಣಿಕೆಯ ರಾತ್ರಿ ಇದಕ್ಕಿಂತ ಉದ್ದ. ಪ್ರತಿ ಶೆಲ್ಫಿನ ಪ್ರತಿ ವಸ್ತುವನ್ನೂ ಸ್ಕ್ಯಾನ್ ಮಾಡಿ, ಕಂಪ್ಯೂಟರಿನ ಲೆಕ್ಕಕ್ಕೂ ಕಣ್ಣೆದುರಿನ ಲೆಕ್ಕಕ್ಕೂ ಇರುವ ಅಂತರ ತೆಗೆಯುತ್ತಾರೆ. ಇವರ ಭಾಷೆಯಲ್ಲಿ ಅದು 'ಶಾರ್ಟೇಜ್', ಕಂಪನಿಯ ಭಾಷೆಯಲ್ಲಿ 'ಶ್ರಿಂಕೇಜ್'. ನಾಟಿಂಗ್‌ಹ್ಯಾಮಿನ ಸೆಂಟರ್ ಫಾರ್ ರೀಟೇಲ್ ರಿಸರ್ಚ್ 2011ರಲ್ಲಿ 43 ದೇಶಗಳ ಲೆಕ್ಕ ಹಾಕಿದಾಗ ಅತಿ ಹೆಚ್ಚು ಶ್ರಿಂಕೇಜ್ ಕಂಡದ್ದು ಭಾರತದಲ್ಲಿ: ಮಾರಾಟದ ಶೇ 2.38, ಎಲ್ಲ ದೇಶಗಳ ಸರಾಸರಿ ಶೇ 1.45. ಇದರಲ್ಲಿ ಗಿರಾಕಿಯ ಕಳವು ಒಂದು ಪಾಲು ಮಾತ್ರ. ಒಳಗಿನವರ ಕಳವು, ಸರಬರಾಜುದಾರ ಕಡಿಮೆ ಇಳಿಸಿದ್ದು, ಇಲಿ ಕಡಿದದ್ದು, ಒಡೆದದ್ದು, ತಪ್ಪಾಗಿ ನಮೂದಿಸಿದ್ದು ಎಲ್ಲವೂ ಅದರೊಳಗೆ ಕಲಸಿಕೊಂಡಿರುತ್ತವೆ. ಯಾವುದು ಎಷ್ಟು ಎಂದು ಬಿಡಿಸುವುದು ದೊಡ್ಡ ಸಂಸ್ಥೆಗಳಿಗೂ ಕಷ್ಟ. ಅಮೆರಿಕದ ನ್ಯಾಷನಲ್ ರೀಟೇಲ್ ಫೆಡರೇಷನ್ 2023ರಲ್ಲಿ, ಅಲ್ಲಿನ ಅಂಗಡಿಗಳ ಒಟ್ಟು ನಷ್ಟದಲ್ಲಿ ಅರ್ಧದಷ್ಟು ಸಂಘಟಿತ ಕಳ್ಳರಿಂದ ಎಂದು ವರದಿ ಮಾಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು.

ಅಂಥವರಿಗೇ ಬಿಡಿಸಲಾಗದ ಲೆಕ್ಕವನ್ನು ಅನೇಕ ಅಂಗಡಿಗಳು ಸರಳವಾಗಿ ಬಗೆಹರಿಸುತ್ತವೆ: ಆ ವಿಭಾಗದಲ್ಲಿ ನಿಂತವರ ಸಂಬಳದಿಂದ ಹಂಚಿ ಹಿಡಿಯುವುದು. ಕಾನೂನು ಇದನ್ನು ಒಪ್ಪುವುದಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ನಿಯಮವೇ ಆ ಬಳಿಕದ 2019ರ ವೇತನ ಸಂಹಿತೆಯಲ್ಲೂ ಇದೆ: ನಷ್ಟಕ್ಕಾಗಿ ಸಂಬಳ ಹಿಡಿಯಬೇಕಾದರೆ ಆ ವಸ್ತುವನ್ನು ಅದೇ ನೌಕರರ ವಶಕ್ಕೆ ಕೊಟ್ಟಿರಬೇಕು, ನಷ್ಟ ನೇರವಾಗಿ ಅವರ ಅಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮೊದಲು ಅವರ ಮಾತು ಕೇಳಿರಬೇಕು. ನೂರಾರು ಜನ ಮುಟ್ಟಿ ಹೋಗುವ ಶೆಲ್ಫಿಗೆ ಒಬ್ಬ ಹುಡುಗಿ ಹೊಣೆ ಎನ್ನುವುದು ಈ ಮೂರರಲ್ಲಿ ಒಂದಕ್ಕೂ ಕೂರುವುದಿಲ್ಲ. ಗಲ್ಲಾದ ಗೋಡೆ ಒಡೆದ ಲಾಭ ಮಾಲೀಕರಿಗೆ ಬಂದಿದೆ. ಅದರ ನಷ್ಟವನ್ನೂ ಅವರೇ ಹೊರಬೇಕು.

ಅಂಗಡಿಗಳು ಮಾಡಬೇಕಾದ್ದು ಸ್ಪಷ್ಟವಿದೆ. ಶಾರ್ಟೇಜಿಗೆ ಸಂಬಳ ಹಿಡಿಯುವುದು ನಿಲ್ಲಲಿ. ರಿಟರ್ನ್ ಕೌಂಟರಿನವರು ಸಾಕ್ಷಿ ಸಮೇತ 'ಆಗುವುದಿಲ್ಲ' ಎಂದಾಗ ಮ್ಯಾನೇಜರು ಅವರ ಬೆನ್ನಿಗೆ ನಿಲ್ಲಲಿ. ಸಿಕ್ಕಿಬಿದ್ದವರನ್ನು ಪೊಲೀಸರಿಗೆ ಒಪ್ಪಿಸಲಿ, ಇಲ್ಲವೇ ಬಿಟ್ಟು ಕಳಿಸಲಿ. ಹಿಂದಿನ ಕೋಣೆಯ ಪಂಚಾಯಿತಿ ಬೇಡ. ನಮ್ಮ ಪಾಲಿನದು ಇನ್ನೂ ಚಿಕ್ಕದು. ಹಬ್ಬಕ್ಕೆ ಉಟ್ಟದ್ದನ್ನು ವಾಪಸು ಒಯ್ಯಬೇಡಿ. ಬಿಲ್ಲು ಕೇಳಿದಾಗ ತೋರಿಸಿ, ಬೇಡವಾದ ಬಿಲ್ಲನ್ನು ಹರಿದು ಎಸೆಯಿರಿ. ಗೇಟು ಸುಮ್ಮನೆ ಕೂಗಿದರೆ ಸಿಟ್ಟಿನ ದೂರನ್ನು ಕಂಪನಿಗೆ ಬರೆಯಿರಿ, ಕ್ಯಾಷಿಯರಿನ ಮುಖಕ್ಕೆ ಎಸೆಯಬೇಡಿ. ರಿಟರ್ನ್ ಕೌಂಟರಿನಲ್ಲಿ ನಿಮ್ಮ ಮುಂದಿರುವವರು ಸುಳ್ಳು ಹೇಳಿ ಕೂಗಾಡುತ್ತಿದ್ದರೆ ಮೊಬೈಲು ಎತ್ತಬೇಡಿ, ಒಂದು ಮಾತು ಆಡಿ: "ಆ ಅಕ್ಕ ಹೇಳ್ತಿರೋದು ಸರಿ ಇದೆ ಸರ್."